ಗೇಟಿಗೆ ಬೀಗ ಬೀಳುವ ಮೊದಲೇ ಮುಚ್ಚಿಹೋಗುವ ಕಾರು ಫ್ಯಾಕ್ಟರಿಗಳು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಲಾರ್ಡ್ಸ್‌ಟೌನ್ ಅಂತ ಒಂದು ಊರಿದೆ. 1966ರಿಂದ ಅಲ್ಲಿ ಜನರಲ್ ಮೋಟಾರ್ಸ್‌ನ ದೊಡ್ಡ ಕಾರು ಫ್ಯಾಕ್ಟರಿ ಇತ್ತು. 2018ರ ನವೆಂಬರ್ 26, ಸೋಮವಾರ, ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಅದರಲ್ಲಿ ಈ ಫ್ಯಾಕ್ಟರಿಯನ್ನು ‘ಮುಚ್ಚುತ್ತೇವೆ’ ಅನ್ನುವ ಮಾತಿರಲಿಲ್ಲ. 2019ರಲ್ಲಿ ಇಲ್ಲಿಗೆ ಯಾವ ಮಾಡೆಲ್ಲೂ ‘ಹಂಚಿಕೆಯಾಗಿಲ್ಲ’ ಎಂದಿತ್ತು, ಅಷ್ಟೇ.

ಹಂಚಿಕೆಯಾಗಿಲ್ಲ ಅಂದರೆ ಏನರ್ಥ? ಇವತ್ತಲ್ಲ ನಾಳೆ ಆಗಬಹುದು ಅಂತಲೂ ಇರಬಹುದಲ್ವಾ? ಮನೆ ಮಾರಬೇಕೋ ಬೇಡವೋ, ಮಕ್ಕಳನ್ನು ಬೇರೆ ಸ್ಕೂಲಿಗೆ ಸೇರಿಸಬೇಕೋ ಬೇಡವೋ, ಯಾವುದನ್ನೂ ತೀರ್ಮಾನ ಮಾಡಲು ಬಿಡದ ಮಾತು ಅದು. 2019ರ ಮಾರ್ಚ್ 6ರಂದು ಕೊನೆಯ ಷೆವರ್ಲೆ ಕ್ರೂಜ್ ಕಾರು ಲೈನಿನಿಂದ ಇಳಿಯಿತು. ಆಗಲೂ ಜನ ಕಾಯುತ್ತಲೇ ಇದ್ದರು.

ಆದರೆ ಆ ಫ್ಯಾಕ್ಟರಿ ಅಷ್ಟರಲ್ಲಿ ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತಾ ಬಂದಿತ್ತು. 2017ರ ಜನವರಿಯಲ್ಲಿ ಮೂರನೇ ಶಿಫ್ಟ್ ನಿಂತಿತು. 2018ರ ಜೂನ್‌ನಲ್ಲಿ ಎರಡನೆಯದೂ ನಿಂತಿತು. ಸಣ್ಣ ಸೆಡಾನ್ ಕಾರು ಕೊಳ್ಳುವವರು ಕಡಿಮೆಯಾಗುತ್ತಿದ್ದರು, ಎಲ್ಲರಿಗೂ ಎತ್ತರದ ಎಸ್‌ಯುವಿ ಬೇಕಾಗಿತ್ತು. ಕ್ರೂಜ್ ಹೋದ ಮೇಲೆ ಇಲ್ಲಿ ಏನು ತಯಾರಾಗಬೇಕು ಅನ್ನುವ ಪ್ರಶ್ನೆಗೆ ಕಂಪನಿಯ ಬಳಿ ಉತ್ತರವೇ ಇರಲಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಇದನ್ನೇ. ಕಾರು ಫ್ಯಾಕ್ಟರಿಯ ಹಣೆಬರಹ ಗೇಟಿಗೆ ಬೀಗ ಬೀಳುವ ದಿನ ನಿರ್ಧಾರವಾಗುವುದಿಲ್ಲ. ಅದಕ್ಕೂ ಮೂರು ನಾಲ್ಕು ವರ್ಷ ಮೊದಲು, ಎಲ್ಲೋ ದೂರದ ಒಂದು ಮೀಟಿಂಗ್ ರೂಮಿನಲ್ಲಿ, ಮುಂದಿನ ಮಾಡೆಲ್ ಬೇರೆ ಊರಿಗೆ ಹೋದ ದಿನ ನಿರ್ಧಾರವಾಗಿರುತ್ತದೆ. ರಾಜಕೀಯ ಎಚ್ಚರವಾಗುವುದು ಮಾತ್ರ ಬೀಗ ಬೀಳುವ ದಿನ. ಈ ಎರಡು ದಿನಗಳ ನಡುವಿನ ಅಂತರದಲ್ಲೇ ಸುಳ್ಳು ಭರವಸೆಗಳು, ಸಿಟ್ಟು, ಪಕ್ಷ ಬದಲಿಸುವ ಓಟುಗಳು ಎಲ್ಲ ಹುಟ್ಟುತ್ತವೆ.

ಖಾಲಿ ಸೀಟಿನ ಬಸ್ಸಿನ ಲೆಕ್ಕ

ಮೊದಲು ಒಂದು ಸರಳ ಲೆಕ್ಕ ಹಾಕೋಣ. ಐವತ್ತು ಸೀಟಿನ ಬಸ್ಸು ಹೊರಟರೆ ಡ್ರೈವರ್ ಸಂಬಳ, ಡೀಸೆಲ್, ಸಾಲದ ಕಂತು ಎಲ್ಲ ಬಸ್ಸು ತುಂಬಿದರೂ ಅಷ್ಟೇ, ಹದಿನೈದು ಜನ ಕೂತರೂ ಅಷ್ಟೇ. ಕಾರು ಫ್ಯಾಕ್ಟರಿಯೂ ಹೀಗೆಯೇ. ತಗಡನ್ನು ಒತ್ತಿ ಬಾಗಿಲು, ಬಾನೆಟ್ ಮಾಡುವ ಪ್ರೆಸ್‌ಗಳು, ವೆಲ್ಡಿಂಗ್ ರೋಬಾಟ್‌ಗಳು, ಪೇಂಟ್ ಶಾಪ್, ಇವೆಲ್ಲ ಭಾರಿ ಬಂಡವಾಳದ ಯಂತ್ರಗಳು. ಪೇಂಟ್ ಶಾಪ್ ಒಂದೇ ಸಾಕು, ಅದರ ಗಾಳಿ, ಬಿಸಿ, ತೇವ ಎಲ್ಲವನ್ನೂ ಒಂದೇ ಹದದಲ್ಲಿ ಇಡಬೇಕು. ದಿನಕ್ಕೆ ನೂರು ಕಾರು ಬಂದರೂ ಸಾವಿರ ಬಂದರೂ ಆ ಖರ್ಚು ಹೆಚ್ಚುಕಮ್ಮಿ ಒಂದೇ.

ಎರಡು ಲಕ್ಷ ಕಾರಿಗೆ ಅಂತ ಕಟ್ಟಿದ ಕಡೆ ಒಂದು ಲಕ್ಷ ಮಾತ್ರ ತಯಾರಾದರೆ ಪ್ರತಿ ಕಾರಿನ ಮೇಲೆ ಬೀಳುವ ಖಾಯಂ ಖರ್ಚು ನೇರವಾಗಿ ದುಪ್ಪಟ್ಟಾಗುತ್ತದೆ. ಕಾರಿನ ಬೆಲೆ ದುಪ್ಪಟ್ಟು ಮಾಡಲು ಆಗುತ್ತದೆಯೇ? ಇಲ್ಲ. ಸಾಮರ್ಥ್ಯದ ಶೇ. 80ರ ಆಸುಪಾಸು ಓಡಿದರೆ ಮಾತ್ರ ಅಸಲು ಹುಟ್ಟುತ್ತದೆ ಅನ್ನುವುದು ಈ ಉದ್ಯಮದ ರೂಢಿಯ ಲೆಕ್ಕ. ಅದಕ್ಕಿಂತ ಕೆಳಗೆ ಹೋದರೆ ಪ್ರತಿ ತಿಂಗಳೂ ನಷ್ಟ ಕೂಡುತ್ತಾ ಹೋಗುತ್ತದೆ.

ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂದಾಗ ಹೇಳಿದ್ದು ಇದೇ ಕಾರಣ. ಚೆನ್ನೈ ಮತ್ತು ಸಾನಂದ್ ಎರಡು ಫ್ಯಾಕ್ಟರಿ ಸೇರಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರು ಮಾಡುವ ಶಕ್ತಿ ಇತ್ತು. ಅದರಲ್ಲಿ ಕಾಲು ಭಾಗವೂ ಬಳಕೆ ಆಗುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಕೂಡಿದ ನಷ್ಟ 200 ಕೋಟಿ ಡಾಲರ್ ದಾಟಿತ್ತು.

ಇನ್ನೊಂದು ಸಂಗತಿ, ಕಾರಿನ ಆಯಸ್ಸು. ಒಂದು ಮಾಡೆಲ್ ಆರೇಳು ವರ್ಷ ನಡೆಯುತ್ತದೆ. ಆಮೇಲೆ ಹೊಸದು ಬರಬೇಕು. ಹೊಸದಕ್ಕೆ ಅಚ್ಚು, ಡೈ, ರೋಬಾಟ್ ಹಿಡಿಕೆ ಎಲ್ಲ ಬದಲಾಗಬೇಕು. ಹಾಗಾಗಿ ಆರೇಳು ವರ್ಷಕ್ಕೊಮ್ಮೆ ಪ್ರತಿ ಫ್ಯಾಕ್ಟರಿಯೂ ಒಂದು ಪರೀಕ್ಷೆಗೆ ಕೂರುತ್ತದೆ ಅನ್ನಿ. ಪಾಸಾದರೆ ಇನ್ನೊಂದು ಸುತ್ತಿನ ಬದುಕು. ಫೇಲಾದರೆ ಈಗಿನ ಮಾಡೆಲ್ ಮುಗಿಯುವವರೆಗೆ ಮಾತ್ರ. ಒಳಗೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹೊಸ ಯಂತ್ರ ಇಳಿಯುತ್ತಿಲ್ಲ, ಹಳೆಯದನ್ನು ರಿಪೇರಿ ಮಾಡಿ ದೂಡುತ್ತಿದ್ದಾರೆ ಅಂದರೆ ಅವರು ಮೊದಲೇ ಅರ್ಥ ಮಾಡಿಕೊಳ್ಳುತ್ತಾರೆ.

ಮುಚ್ಚುವುದು ಒಂದೇ ಫ್ಯಾಕ್ಟರಿ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರಿನ ಸೀಟುಗಳನ್ನು ಸಾಮಾನ್ಯವಾಗಿ ಕಾರು ಕಂಪನಿ ಮಾಡುವುದಿಲ್ಲ, ಪಕ್ಕದಲ್ಲೇ ಇರುವ ಇನ್ನೊಂದು ಕಂಪನಿ ಮಾಡುತ್ತದೆ. ಲೈನಿನ ಮೇಲೆ ಮೊದಲು ಕಪ್ಪು ಸೀಟಿನ ಕಾರು, ಆಮೇಲೆ ಬೂದು ಬಣ್ಣದ್ದು, ಮತ್ತೆ ಕಪ್ಪಿನದು ಬರುವುದಿದ್ದರೆ ಸೀಟು ತರುವ ಲಾರಿಯೊಳಗೂ ಅದೇ ಸಾಲು ಇರಬೇಕು. ಸ್ಟಾಕ್ ಇಡುವ ಗೋಡೌನ್ ಇರುವುದಿಲ್ಲ. ಲಾರಿ ಬಂತು, ಸೀಟು ಇಳಿಯಿತು, ಸ್ವಲ್ಪ ಹೊತ್ತಿನಲ್ಲೇ ಕಾರಿನೊಳಗೆ ಕೂತಿತು. ಇಷ್ಟು ಬಿಗಿಯಾಗಿ ಹೆಣೆದುಕೊಂಡಿರುವಾಗ ಕಾರಿನ ಲೈನ್ ನಿಂತರೆ ಸೀಟಿನ ಲೈನ್ ಅದೇ ವಾರ ನಿಲ್ಲುತ್ತದೆ. ಬಂಪರ್, ಡ್ಯಾಶ್‌ಬೋರ್ಡ್, ವೈರಿಂಗ್ ಮಾಡುವವರು, ಲಾರಿ ಓಡಿಸುವವರು, ಕ್ಯಾಂಟೀನ್‌ನವರು ಎಲ್ಲರದ್ದೂ ಅದೇ ಕಥೆ. ಪೇಪರಿನಲ್ಲಿ ಬರುವುದು ಕಾರು ಕಂಪನಿಯ ಸಂಬಳದ ಪಟ್ಟಿಯಲ್ಲಿದ್ದವರ ಲೆಕ್ಕ ಮಾತ್ರ.

ಒಂದು ಇಡೀ ದೇಶದ ಕಾರು ಉದ್ಯಮ ಹೋದ ಬಗೆ

ಒಂದೇ ಕಾರಣಕ್ಕೆ ಕಾರು ಉದ್ಯಮ ನಿಂತುಹೋಗುವುದು ಅಪರೂಪ. ಕಾರಣಗಳೆಲ್ಲ ಒಂದರ ಮೇಲೊಂದು ಹೇಗೆ ಬೀಳುತ್ತವೆ ಅಂತ ನೋಡಬೇಕಾದರೆ ಆಸ್ಟ್ರೇಲಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1980ರ ದಶಕದಲ್ಲಿ ಅಲ್ಲಿ ಹೊರಗಿನ ಕಾರಿಗೆ ಶೇ. 57.5 ಸುಂಕ ಇತ್ತು. ಆ ಗೋಡೆಯ ಹಿಂದೆ ದೇಶದ ಒಳಗೇ ಹಲವು ಕಂಪನಿಗಳು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಕಾರು ಮಾಡುತ್ತಿದ್ದವು. 1985ರಿಂದ ಸರ್ಕಾರ ಗೋಡೆಯನ್ನು ಮೆಲ್ಲಗೆ ಇಳಿಸಿತು. 2010ರ ಹೊತ್ತಿಗೆ ಸುಂಕ ಶೇ. 5ಕ್ಕೆ ಬಂತು. 2005ರಲ್ಲಿ ಥಾಯ್ಲೆಂಡ್ ಜೊತೆ ಮುಕ್ತ ವ್ಯಾಪಾರ ಒಪ್ಪಂದವೂ ಆಯಿತು. ಥಾಯ್ಲೆಂಡಿನಿಂದ ಕಾರುಗಳು ಧಾರಾಳವಾಗಿ ಬಂದವು, ಆಸ್ಟ್ರೇಲಿಯಾದಿಂದ ಅಲ್ಲಿಗೆ ಹೋದದ್ದು ಬಹಳ ಕಡಿಮೆ. ಅಲ್ಲಿ ದೊಡ್ಡ ಎಂಜಿನ್ ಕಾರುಗಳಿಗೆ ಬೇರೆ ತೆರಿಗೆಗಳಿದ್ದವು.

ಅಷ್ಟರಲ್ಲಿ ಗಣಿಗಾರಿಕೆ ಜೋರಾಯಿತು. ಅದಿರು, ಕಲ್ಲಿದ್ದಲು ಹೊರಗೆ ಹೋಗಿ ಹಣ ಹರಿದು ಬಂದಾಗ ಆಸ್ಟ್ರೇಲಿಯಾ ಡಾಲರ್ ಬೆಲೆ ಏರಿತು. 2011–12ರಲ್ಲಿ ಅದು ಅಮೆರಿಕದ ಡಾಲರ್‌ಗಿಂತ ಮೇಲೆಯೇ ಇತ್ತು. ದೇಶಕ್ಕೆ ಇದು ಖುಷಿಯ ಸುದ್ದಿ ಅನ್ನಿಸಬಹುದು. ಆದರೆ ಅಡಿಲೇಡ್ ಪಕ್ಕದ ಎಲಿಜಬೆತ್ ಎಂಬಲ್ಲಿ ಹೋಲ್ಡನ್ ಕಾರು ಮಾಡುತ್ತಿದ್ದವರಿಗೆ ಅದು ಸಿಡಿಲು. ಅವರು ಕೆಲಸ ಒಂಚೂರೂ ಕೆಡಿಸಿರಲಿಲ್ಲ. ಆದರೂ ಅವರ ಕಾರು ಹೊರದೇಶದಲ್ಲಿ ದುಬಾರಿಯಾಯಿತು, ಹೊರದೇಶದ ಕಾರು ಅವರ ಊರಿನಲ್ಲೇ ಅಗ್ಗವಾಯಿತು. ಒಟ್ಟು ಮಾರುಕಟ್ಟೆ ವರ್ಷಕ್ಕೆ ಸುಮಾರು 11 ಲಕ್ಷ ವಾಹನ. ಅದನ್ನು ಹಂಚಿಕೊಳ್ಳಲು 60ಕ್ಕೂ ಹೆಚ್ಚು ಬ್ರಾಂಡ್‌ಗಳು. ಬಸ್ಸು ತುಂಬುವುದು ಹೇಗೆ?

2013ರ ಮೇ ತಿಂಗಳಲ್ಲಿ ಫೋರ್ಡ್ ಹೊರಡುವುದಾಗಿ ಹೇಳಿತು. ಅದೇ ವರ್ಷದ ಡಿಸೆಂಬರ್ 10ರಂದು ಹಣಕಾಸು ಮಂತ್ರಿ ಜೋ ಹಾಕಿ ಸಂಸತ್ತಿನಲ್ಲಿ ಎದ್ದುನಿಂತು, ಹೋಲ್ಡನ್‌ನ ಒಡೆಯರಾದ ಜನರಲ್ ಮೋಟಾರ್ಸ್‌ಗೆ ಇರುತ್ತೀರೋ ಹೋಗುತ್ತೀರೋ ಸ್ಪಷ್ಟ ಹೇಳಿ ಅಂತ ಸವಾಲು ಹಾಕಿದರು. ಮರುದಿನವೇ ಉತ್ತರ ಬಂತು. 2017ರ ಕೊನೆಗೆ ತಯಾರಿಕೆ ಬಂದ್ ಅಂತ ಕಂಪನಿ ಪ್ರಕಟಿಸಿತು.

ಎರಡು ತಿಂಗಳ ನಂತರ, 2014ರ ಫೆಬ್ರವರಿಯಲ್ಲಿ, ಟೊಯೋಟಾ ಕೂಡ ಹೊರಡುವುದಾಗಿ ಹೇಳಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂವರಲ್ಲಿ ರಫ್ತು ಚೆನ್ನಾಗಿದ್ದದ್ದು ಟೊಯೋಟಾಗೆ. ಆದರೂ ಯಾಕೆ ಹೋಯಿತು? ಬಿಡಿಭಾಗ ಮಾಡುವ ಕಂಪನಿಗಳು ಮೂವರಿಗೂ ಸೇರಿ ಸರಕು ಕೊಡುತ್ತಿದ್ದವು. ಮೂರು ಗಿರಾಕಿಗಳಲ್ಲಿ ಇಬ್ಬರು ಹೋದರೆ ಉಳಿದ ಒಬ್ಬರಿಗಾಗಿ ಆ ಕಂಪನಿಗಳು ಬದುಕಲಾರವು. ಅವು ಇಲ್ಲದೆ ಟೊಯೋಟಾ ಕೂಡ ಕಾರು ಮಾಡಲಾರದು. ಒಬ್ಬರು ಕೈಬಿಟ್ಟರೆ ಎಲ್ಲರೂ ಬೀಳುವ ಕಟ್ಟಡ ಅದು. 2016ರ ಅಕ್ಟೋಬರ್‌ನಲ್ಲಿ ಫೋರ್ಡ್, 2017ರ ಅಕ್ಟೋಬರ್ 3ರಂದು ಟೊಯೋಟಾ, ಅದೇ ತಿಂಗಳ 20ರಂದು ಎಲಿಜಬೆತ್‌ನ ಹೋಲ್ಡನ್. ಹೆಚ್ಚುಕಮ್ಮಿ ಒಂದು ವರ್ಷದೊಳಗೆ ಒಂದು ದೇಶ ದೊಡ್ಡ ಪ್ರಮಾಣದಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು.

ರಾಜಕೀಯವಾಗಿ ಏನಾಯಿತು? ಎಲ್ಲರೂ ಕಾರಿನ ಕಡೆ ನೋಡುತ್ತಿದ್ದಾಗ ಪೆಟ್ಟು ಬಿದ್ದದ್ದು ಜಲಾಂತರ್ಗಾಮಿಯ ಕಡೆಯಿಂದ. ಹೋಲ್ಡನ್ ಹೋಗುತ್ತಿದ್ದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಉಳಿದಿದ್ದ ದೊಡ್ಡ ಆಸೆ ಅಂದರೆ ಹಡಗು ಕಟ್ಟುವ ಕೆಲಸ. 2014ರ ನವೆಂಬರ್‌ನಲ್ಲಿ ರಕ್ಷಣಾ ಮಂತ್ರಿ ಡೇವಿಡ್ ಜಾನ್‌ಸ್ಟನ್, ಅಡಿಲೇಡ್‌ನ ಸರ್ಕಾರಿ ಹಡಗು ಕಂಪನಿ ಒಂದು ದೋಣಿ ಕಟ್ಟುತ್ತದೆ ಅಂತಲೂ ನನಗೆ ನಂಬಿಕೆ ಇಲ್ಲ ಎನ್ನುವ ಅರ್ಥದ ಮಾತಾಡಿದರು. ಕೆಲಸ ಕಳೆದುಕೊಳ್ಳುತ್ತಿರುವ ಜನರ ಮುಂದೆ ಆಡಬಾರದ ಮಾತು. ಮುಂದಿನ ತಿಂಗಳು ಅವರ ಮಂತ್ರಿಗಿರಿ ಹೋಯಿತು. 2016ರ ಏಪ್ರಿಲ್‌ನಲ್ಲಿ, ಚುನಾವಣೆಗೆ ಎರಡು ತಿಂಗಳು ಬಾಕಿ ಇರುವಾಗ, ಹನ್ನೆರಡು ಜಲಾಂತರ್ಗಾಮಿಗಳನ್ನು ಅಡಿಲೇಡ್‌ನಲ್ಲೇ ಕಟ್ಟುತ್ತೇವೆ ಅಂತ ಸರ್ಕಾರ ಘೋಷಿಸಿತು. ಆದರೂ ಆ ರಾಜ್ಯದಲ್ಲಿ ನಿಕ್ ಝೆನೊಫನ್ ಅವರ ಪುಟ್ಟ ಪಕ್ಷ ಸೆನೆಟ್‌ನಲ್ಲಿ ಮೂರು ಸ್ಥಾನ ಗೆದ್ದುಕೊಂಡಿತು. ಆ ಜಲಾಂತರ್ಗಾಮಿ ಯೋಜನೆ 2021ರಲ್ಲಿ ರದ್ದಾಯಿತು. ಕಾರಿನ ಕೆಲಸ ಹೋದ ಕಡೆ ಯುದ್ಧನೌಕೆಯ ಭರವಸೆ ಕೊಟ್ಟರು, ಆಮೇಲೆ ಅದನ್ನೂ ಬದಲಿಸಿದರು. ಅಲ್ಲಿಯ ಜನರ ಜಾಗದಲ್ಲಿ ನಿಂತು ನೋಡಿದರೆ ದೊಡ್ಡ ಪಕ್ಷಗಳ ಮೇಲೆ ನಂಬಿಕೆ ಇಟ್ಟುಕೊಳ್ಳುವುದು ಕಷ್ಟ.

ಮಚ್ಚು ಯಾರ ಮನೆಯ ಮರಕ್ಕೆ?

ಕಾರು ಕಂಪನಿಗಳಿಗೆ ಹಲವು ದೇಶಗಳಲ್ಲಿ ಫ್ಯಾಕ್ಟರಿ ಇರುತ್ತದೆ. ಒಂದನ್ನು ಮುಚ್ಚಲೇಬೇಕು ಅಂತಾದರೆ ಯಾವುದನ್ನು ಮುಚ್ಚುತ್ತಾರೆ? ಲೆಕ್ಕದ ಪುಸ್ತಕ ಒಂದೇ ಇದಕ್ಕೆ ಉತ್ತರ ಹೇಳುವುದಿಲ್ಲ. ಎಲ್ಲಿ ಮುಚ್ಚಿದರೆ ಗಲಾಟೆ ಕಡಿಮೆ, ಎಲ್ಲಿ ಕಾನೂನಿನ ತೊಡಕು ಕಡಿಮೆ ಅನ್ನುವುದೂ ಸೇರುತ್ತದೆ. ಬೆಲ್ಜಿಯಂ ಇದಕ್ಕೆ ಸಾಕ್ಷಿ.

1997ರ ಫೆಬ್ರವರಿ 27ರಂದು ಫ್ರಾನ್ಸಿನ ರೆನೋ ಕಂಪನಿ, ಬ್ರಸೆಲ್ಸ್ ಬಳಿಯ ವಿಲ್ವೋರ್ಡ್‌ನಲ್ಲಿದ್ದ ಫ್ಯಾಕ್ಟರಿಯನ್ನು ಮುಚ್ಚುತ್ತೇವೆ ಅಂತ ದಿಢೀರನೆ ಹೇಳಿತು. ಸುಮಾರು 3,100 ಜನರ ಕೆಲಸ. ಬೆಲ್ಜಿಯಂನ ಆಗಿನ ಪ್ರಧಾನಿ ಜಾನ್-ಲುಕ್ ಡೆಹೇನ್ ಅವರ ಊರೇ ಅದು. ಪ್ರಧಾನಿಯ ಊರಿನ ಫ್ಯಾಕ್ಟರಿಯನ್ನೇ ಹೇಳದೆ ಕೇಳದೆ ಮುಚ್ಚಬಹುದು ಅಂದರೆ ನೋಡಿ. ರೆನೋದಲ್ಲಿ ಆಗ ಫ್ರಾನ್ಸ್ ಸರ್ಕಾರದ್ದೇ ದೊಡ್ಡ ಪಾಲು. ಕೆಲವೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಚುನಾವಣೆ ಬಂತು. ಲಿಯೊನೆಲ್ ಜೋಸ್ಪಾ ಪ್ರಚಾರದಲ್ಲಿ ವಿಲ್ವೋರ್ಡ್ ಕೆಲಸಗಾರರ ಪರ ಮಾತಾಡಿದರು, ಗೆದ್ದು ಪ್ರಧಾನಿಯಾದರು. ಫ್ಯಾಕ್ಟರಿ ಮುಚ್ಚಿಯೇ ಮುಚ್ಚಿತು. ಉಳಿದದ್ದು ಒಂದು ಕಾನೂನು. 1998ರಲ್ಲಿ ಬೆಲ್ಜಿಯಂ ಮಾಡಿದ ಆ ಕಾಯ್ದೆಯನ್ನು ಜನ ಈಗಲೂ ರೆನೋ ಕಾನೂನು ಅಂತಲೇ ಕರೆಯುತ್ತಾರೆ. ಸಾಮೂಹಿಕವಾಗಿ ಕೆಲಸದಿಂದ ತೆಗೆಯುವ ಮೊದಲು ಕೆಲಸಗಾರರಿಗೆ ತಿಳಿಸಬೇಕು, ಅವರ ಬದಲಿ ಸಲಹೆಗಳನ್ನು ಕೇಳಬೇಕು, ಉತ್ತರ ಕೊಡಬೇಕು.

ಕಾನೂನು ಮುಚ್ಚುವುದನ್ನು ನಿಧಾನ ಮಾಡಿತು, ತಡೆಯಲಿಲ್ಲ. 2010ರಲ್ಲಿ ಆಂಟ್ವರ್ಪ್‌ನ ಓಪೆಲ್ ಹೋಯಿತು. 2014ರಲ್ಲಿ ಗೆಂಕ್‌ನ ಫೋರ್ಡ್ ಹೋಯಿತು. 2025ರ ಫೆಬ್ರವರಿ 28ರಂದು ಬ್ರಸೆಲ್ಸ್‌ನ ಆಡಿ ಹೋಯಿತು, ಸುಮಾರು 3,000 ಜನರ ಕೆಲಸದ ಜೊತೆ.

ಆಡಿ ಇರುವುದು ಫೋಕ್ಸ್‌ವ್ಯಾಗನ್ ಗುಂಪಿನಲ್ಲಿ. ಬ್ರಸೆಲ್ಸ್‌ನಲ್ಲಿ ಇದು ನಡೆಯುತ್ತಿದ್ದಾಗಲೇ, 2024ರ ಸೆಪ್ಟೆಂಬರ್‌ನಲ್ಲಿ, ಫೋಕ್ಸ್‌ವ್ಯಾಗನ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಜರ್ಮನಿಯ ಫ್ಯಾಕ್ಟರಿಗಳನ್ನೂ ಮುಚ್ಚಬೇಕಾಗಬಹುದು ಅಂದಿತ್ತು. ಡಿಸೆಂಬರ್‌ನಲ್ಲಿ ಮುಷ್ಕರ ನಡೆಯಿತು, ಕ್ರಿಸ್‌ಮಸ್‌ಗೆ ಮೊದಲು ಒಪ್ಪಂದವಾಯಿತು. 2030ರ ಒಳಗೆ 35,000 ಕೆಲಸ ಕಡಿಮೆ ಮಾಡುತ್ತಾರೆ, ಆದರೆ ತಕ್ಷಣ ಯಾವ ಫ್ಯಾಕ್ಟರಿಯನ್ನೂ ಮುಚ್ಚುವುದಿಲ್ಲ. ಒಂದೇ ಗುಂಪು, ಒಂದೇ ಕಷ್ಟದ ಕಾಲ, ಎರಡು ಬೇರೆ ತೀರ್ಪು. ಯಾಕೆ? ಫೋಕ್ಸ್‌ವ್ಯಾಗನ್‌ನಲ್ಲಿ ಅದರ ತವರಾದ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರಕ್ಕೆ ಶೇ. 20 ಮತದ ಹಕ್ಕಿದೆ. ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸೀಟು ಕೆಲಸಗಾರರದ್ದು. ಇವರಿಬ್ಬರೂ ಒಟ್ಟಾಗಿ ಬೇಡ ಅಂದರೆ ಮುಚ್ಚುವುದು ಬಹಳ ಕಷ್ಟ. ಬ್ರಸೆಲ್ಸ್‌ನವರ ಪರವಾಗಿ ಮತ ಹಾಕಲು ಅಲ್ಲಿ ಯಾವ ಸರ್ಕಾರವೂ ಇರಲಿಲ್ಲ.

ತವರಿನ ಫ್ಯಾಕ್ಟರಿ ಯಾವಾಗಲೂ ಉಳಿಯುತ್ತದೆ ಅಂತ ಇದರರ್ಥ ಅಲ್ಲ. ನಿಸ್ಸಾನ್ 2025ರಲ್ಲಿ ಜಪಾನಿನ ಒಪ್ಪಾಮಾ ಫ್ಯಾಕ್ಟರಿಯಲ್ಲೇ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. 1961ರಿಂದ ನಡೆಯುತ್ತಿರುವ, ಕಂಪನಿಯ ಹೆಮ್ಮೆಯ ಜಾಗ ಅದು. ಕಷ್ಟ ಜಾಸ್ತಿಯಾದರೆ ತವರೂ ಉಳಿಯುವುದಿಲ್ಲ. ಆದರೆ ಸರದಿಯಲ್ಲಿ ತವರು ಕೊನೆಗೆ ನಿಂತಿರುತ್ತದೆ.

ಹರಾಜು

ಮುಚ್ಚುವ ಕಥೆ ಎಷ್ಟೋ ಸಲ ತೆರೆಯುವ ದಿನವೇ ಶುರುವಾಗಿರುತ್ತದೆ. ಬ್ರೆಜಿಲ್ ನೋಡಿ. 1999ರಲ್ಲಿ ಫೋರ್ಡ್ ಹೊಸ ಫ್ಯಾಕ್ಟರಿಯನ್ನು ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಕಟ್ಟುವುದಿತ್ತು. ಅಲ್ಲಿ ಹೊಸದಾಗಿ ಬಂದ ಗವರ್ನರ್ ಒಲಿವಿಯೊ ದುತ್ರಾ, ಹಿಂದಿನವರು ಒಪ್ಪಿದ್ದ ರಿಯಾಯಿತಿಗಳನ್ನು ಮತ್ತೆ ಚರ್ಚಿಸಬೇಕು ಅಂದರು. ಫೋರ್ಡ್ ಎದ್ದು ಬಾಹಿಯಾ ರಾಜ್ಯಕ್ಕೆ ಹೋಯಿತು, ಅಲ್ಲಿ ರಿಯಾಯಿತಿ ಧಾರಾಳವಾಗಿತ್ತು. 2001ರಲ್ಲಿ ಕಮಸಾರಿ ಎಂಬಲ್ಲಿ ಫ್ಯಾಕ್ಟರಿ ತೆರೆಯಿತು. ದುತ್ರಾ ಅವರನ್ನು ಫೋರ್ಡ್ ಓಡಿಸಿದವರು ಅಂತ ವಿರೋಧಿಗಳು ವರ್ಷಗಟ್ಟಲೆ ಜರಿದರು. 2021ರ ಜನವರಿಯಲ್ಲಿ ಫೋರ್ಡ್ ಬ್ರೆಜಿಲ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಫೋರ್ಡ್‌ಗೆ ಬೇಕಾಗಿದ್ದದ್ದು ಇನ್ನಷ್ಟು ಸಬ್ಸಿಡಿ ಅಂತ ಆಗಿನ ಅಧ್ಯಕ್ಷ ಬೋಲ್ಸೊನಾರೊ ಹೇಳಿದರು. ಈಗ ಅದೇ ಜಾಗದಲ್ಲಿ ಚೀನಾದ ಬಿವೈಡಿ ಬಂದಿದೆ.

ಸಬ್ಸಿಡಿ ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ರಿಯಾಯಿತಿ ನೋಡಿ ಬಂದ ಫ್ಯಾಕ್ಟರಿ, ರಿಯಾಯಿತಿ ಮುಗಿದಾಗ ಮತ್ತೆ ಲೆಕ್ಕ ಹಾಕುತ್ತದೆ. ಇದು ಗೊತ್ತಿದ್ದೂ ಸರ್ಕಾರಗಳು ಹರಾಜಿಗೆ ಇಳಿಯುತ್ತವೆ. ರಿಬ್ಬನ್ ಕತ್ತರಿಸುವವರು ಈಗಿನವರು, ಬೀಗ ಬೀಳುವುದು ಇಪ್ಪತ್ತು ವರ್ಷದ ನಂತರ ಬೇರೆ ಯಾರದೋ ಕಾಲದಲ್ಲಿ.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಜ್‌ನಲ್ಲಿದ್ದ ರೋವರ್ ಕಾರು ಫ್ಯಾಕ್ಟರಿಗೆ ಬೀಗ ಬಿದ್ದದ್ದು ಮಾತ್ರ ಚುನಾವಣೆಯ ಮಧ್ಯದಲ್ಲೇ. 2000ದಲ್ಲಿ ಬಿಎಂಡಬ್ಲ್ಯು ತನ್ನ ರೋವರ್ ಕಂಪನಿಯನ್ನು ಸ್ಥಳೀಯ ಉದ್ಯಮಿಗಳ ಗುಂಪೊಂದಕ್ಕೆ ಹತ್ತು ಪೌಂಡಿಗೆ ಮಾರಿತ್ತು. 2005ರ ಏಪ್ರಿಲ್ 8ರಂದು ಕಂಪನಿ ಕುಸಿಯಿತು, 6,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಮತದಾನ ಇದ್ದದ್ದು ಮೇ 5ಕ್ಕೆ. ಪ್ರಧಾನಿ ಬ್ಲೇರ್, ಹಣಕಾಸು ಮಂತ್ರಿ ಬ್ರೌನ್ ಇಬ್ಬರೂ ಬರ್ಮಿಂಗ್‌ಹ್ಯಾಮ್‌ಗೆ ಓಡಿ ಬಂದರು. ಒಂದು ವಾರದ ಸಂಬಳಕ್ಕೆ ಅಂತ ಸರ್ಕಾರ 65 ಲಕ್ಷ ಪೌಂಡ್ ಸಾಲ ಕೊಟ್ಟಿತು. ಒಂದೇ ವಾರಕ್ಕೆ. ಕಂಪನಿ ನಡೆಸಿದ ಐದು ಮಂದಿ ಸಂಬಳ, ಪಿಂಚಣಿ ಅಂತ ಸುಮಾರು 4.2 ಕೋಟಿ ಪೌಂಡ್ ಪಡೆದಿದ್ದರು ಅನ್ನುವುದು 2009ರ ತನಿಖಾ ವರದಿಯಲ್ಲಿ ಬಂತು.

ಓಟಿನ ಪೆಟ್ಟಿಗೆಯಲ್ಲಿ ಏನಾಗುತ್ತದೆ

ಈಗ ಮತ್ತೆ ಲಾರ್ಡ್ಸ್‌ಟೌನ್‌ಗೆ ಬರೋಣ. ಅದು ಇರುವ ಟ್ರಂಬುಲ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ದಶಕಗಳ ಕಾಲ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾಗಿತ್ತು. 2016ರಲ್ಲಿ ಅಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದರು. 1972ರ ನಂತರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಒಬ್ಬರು ಅಲ್ಲಿ ಗೆದ್ದದ್ದು ಅದೇ ಮೊದಲು. 2017ರ ಜುಲೈನಲ್ಲಿ ಪಕ್ಕದ ಯಂಗ್ಸ್‌ಟೌನ್‌ನಲ್ಲಿ ನಡೆದ ಸಭೆಯಲ್ಲಿ ಅವರು, ಹೋದ ಕೆಲಸಗಳೆಲ್ಲ ವಾಪಸ್ ಬರುತ್ತವೆ, ಊರು ಬಿಡಬೇಡಿ, ಮನೆ ಮಾರಬೇಡಿ ಅಂದರು. ಅದಕ್ಕೆ ಆರು ತಿಂಗಳ ಹಿಂದೆಯೇ ಮೂರನೇ ಶಿಫ್ಟ್ ನಿಂತಾಗಿತ್ತು. 2019ರಲ್ಲಿ ಫ್ಯಾಕ್ಟರಿ ಮುಚ್ಚಿತು. ಆ ಶರತ್ಕಾಲ ಜನರಲ್ ಮೋಟಾರ್ಸ್‌ನ ಸುಮಾರು 48,000 ಕೆಲಸಗಾರರು 40 ದಿನ ಮುಷ್ಕರ ಮಾಡಿದರು. ಒಪ್ಪಂದದಲ್ಲಿ ಸಂಬಳ ಏರಿತು, ಲಾರ್ಡ್ಸ್‌ಟೌನ್ ಮರಳಲಿಲ್ಲ.

ಇಷ್ಟೆಲ್ಲ ಆದ ಮೇಲೆ 2020ರಲ್ಲಿ ಟ್ರಂಬುಲ್ ಕೌಂಟಿ ಯಾರಿಗೆ ಓಟು ಹಾಕಿತು? ಮತ್ತೆ ಟ್ರಂಪ್‌ಗೇ.

ಹೊರಗಿನವರಿಗೆ ಇದು ಒಗಟು. ಮಾತು ತಪ್ಪಿದವರನ್ನೇ ಮತ್ತೆ ಗೆಲ್ಲಿಸುತ್ತಾರೆಯೇ ಅಂತ. ನನ್ನ ಓದಿನಲ್ಲಿ ಇದಕ್ಕೆ ಮೂರು ಎಳೆಗಳು ಸಿಗುತ್ತವೆ. ಮೊದಲನೆಯದು, ಸಿಟ್ಟು ಆ ವರ್ಷದ್ದಲ್ಲ. ಯಂಗ್ಸ್‌ಟೌನ್‌ನಲ್ಲಿ ಉಕ್ಕಿನ ಕಾರ್ಖಾನೆಗಳು 1977ರಿಂದಲೇ ಮುಚ್ಚುತ್ತಾ ಬಂದಿದ್ದವು. 1994ರಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕ ವ್ಯಾಪಾರ ಒಪ್ಪಂದವನ್ನು ಜಾರಿ ಮಾಡುವ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಟಿಕ್ ಅಧ್ಯಕ್ಷರು. ಯಾರನ್ನು ದೂರಬೇಕು ಅಂತ ಜನ ಎಂದೋ ತೀರ್ಮಾನಿಸಿಯಾಗಿತ್ತು. ಎರಡನೆಯದು, ಹೋದವರು ಹೋದರು. ಬೇರೆ ರಾಜ್ಯದ ಫ್ಯಾಕ್ಟರಿಗೆ ವರ್ಗವಾದವರ ಓಟೂ ಅವರ ಜೊತೆ ಹೋಯಿತು. ಯೂನಿಯನ್ನಿನ ಜೊತೆ ಹೆಚ್ಚು ಬೆಸೆದುಕೊಂಡಿದ್ದವರು ಅವರೇ. ಮೂರನೆಯದು, ಯೂನಿಯನ್ ಹಾಲ್. ಸಂಜೆ ಶಿಫ್ಟ್ ಮುಗಿಸಿ ಸೇರುವ, ಮಾತಾಡುವ, ಯಾರಿಗೆ ಓಟು ಹಾಕೋಣ ಅಂತ ವಾದ ಮಾಡುವ ಜಾಗ ಅದು. ಅದು ಖಾಲಿಯಾದರೆ ರಾಜಕೀಯ ಮನೆಯ ಟೀವಿಗೆ, ಮೊಬೈಲಿಗೆ ಬರುತ್ತದೆ. ಅಲ್ಲಿ ಜೊತೆಗಾರರು ಇರುವುದಿಲ್ಲ.

ಊರು ಬಿಡುವ ಇನ್ನೊಂದು ಬಗೆಯೂ ಇದೆ. ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್‌ನಲ್ಲಿ ಜನರಲ್ ಮೋಟಾರ್ಸ್ ಫ್ಯಾಕ್ಟರಿ ನಿಂತದ್ದು 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು. ಹತ್ತು ತಿಂಗಳ ಹಿಂದಷ್ಟೇ ಅಲ್ಲಿಗೆ ಪ್ರಚಾರಕ್ಕೆ ಬಂದಿದ್ದ ಬರಾಕ್ ಒಬಾಮಾ, ಸರ್ಕಾರ ಜೊತೆಗೆ ನಿಂತರೆ ಈ ಫ್ಯಾಕ್ಟರಿ ಇನ್ನೂ ನೂರು ವರ್ಷ ಇರುತ್ತದೆ ಅನ್ನುವ ಮಾತಾಡಿದ್ದರು. ಕೆಲವು ಕೆಲಸಗಾರರು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಅದೇ ಕಂಪನಿಯ ಕೆಲಸ ಹಿಡಿದರು, ಆದರೆ ಮನೆ ಬಿಡಲಿಲ್ಲ. ವಾರವಿಡೀ ಅಲ್ಲಿ ಬಾಡಿಗೆ ರೂಮಿನಲ್ಲಿದ್ದು, ವಾರದ ಕೊನೆಗೆ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಮಕ್ಕಳನ್ನು ನೋಡಲು ಬರುತ್ತಿದ್ದರು. ಆ ಫ್ಯಾಕ್ಟರಿಯನ್ನೂ ಕಂಪನಿ ಮುಚ್ಚಿದೆ ಅನ್ನಲಿಲ್ಲ, ‘ಸ್ಟ್ಯಾಂಡ್‌ಬೈ’ ಅಂದಿತು. ಅಧಿಕೃತವಾಗಿ ಮುಚ್ಚಿದ್ದು 2015ರಲ್ಲಿ.

ಕಾಯುವಿಕೆಗೂ, ಕೆಲಸ ಹೋದದ್ದಕ್ಕೂ ಮೈ ಮನಸ್ಸು ಬೆಲೆ ತೆರುತ್ತವೆ. ಅಮೆರಿಕದ 112 ಕೈಗಾರಿಕಾ ಕೌಂಟಿಗಳನ್ನು 1999ರಿಂದ 2016ರವರೆಗೆ ನೋಡಿದ ವೈದ್ಯಕೀಯ ಅಧ್ಯಯನವೊಂದಿದೆ. ಅವುಗಳಲ್ಲಿ 29 ಕೌಂಟಿಗಳಲ್ಲಿ ಕಾರು ಫ್ಯಾಕ್ಟರಿ ಮುಚ್ಚಿತ್ತು. ಮುಚ್ಚಿ ಐದು ವರ್ಷ ಆಗುವ ಹೊತ್ತಿಗೆ ಅಲ್ಲಿ ನೋವಿನ ಮಾತ್ರೆ, ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ಅತಿಸೇವನೆಯಿಂದ ಸತ್ತವರ ಪ್ರಮಾಣ, ಮುಚ್ಚದಿದ್ದ ಕಡೆಗಳಿಂದ ಅಂದಾಜಿಸಿದ್ದಕ್ಕಿಂತ ಶೇ. 85ರಷ್ಟು ಜಾಸ್ತಿ ಇತ್ತು. ರಾಜಕೀಯ ಪರಿಣಾಮ ಅಂದಾಗ ನಾವು ಓಟು ಎಣಿಸುತ್ತೇವೆ. ಈ ಸಾವುಗಳನ್ನು ಪಕ್ಕದಲ್ಲಿಟ್ಟು ನೋಡದೆ ಆ ಓಟು ಅರ್ಥವಾಗುವುದಿಲ್ಲ.

ಎಲ್ಲ ಕಡೆಯೂ ಸಿಟ್ಟು ಒಂದೇ ದಾರಿ ಹಿಡಿಯುವುದಿಲ್ಲ. 2009ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಟೇಕ್‌ನಲ್ಲಿ ಸ್ಯಾಂಗ್‌ಯಾಂಗ್ ಕಂಪನಿ ಸುಮಾರು 2,600 ಜನರನ್ನು ತೆಗೆಯುತ್ತೇವೆ ಅಂದಾಗ ಕೆಲಸಗಾರರು 77 ದಿನ ಫ್ಯಾಕ್ಟರಿಯೊಳಗೇ ಕೂತರು. ಪೊಲೀಸರು ಹೆಲಿಕಾಪ್ಟರ್ ತಂದು ತೆರವು ಮಾಡಿದರು. ಆಮೇಲಿನ ವರ್ಷಗಳಲ್ಲಿ ಕೆಲಸಗಾರರು ಮತ್ತು ಅವರ ಮನೆಯವರಲ್ಲಿ ಸುಮಾರು ಮೂವತ್ತು ಮಂದಿ ಆತ್ಮಹತ್ಯೆ, ಕಾಯಿಲೆಗಳಿಂದ ತೀರಿಕೊಂಡರು. ಅದರ ಮೇಲೆ, ಮುಷ್ಕರದಿಂದಾದ ನಷ್ಟಕ್ಕೆ 470 ಕೋಟಿ ವೊನ್ ಕಟ್ಟಿಕೊಡಿ ಅಂತ ಕೋರ್ಟ್ ಹೇಳಿತು. ಆಮೇಲೆ ಒಬ್ಬ ಓದುಗರು ಪತ್ರಿಕೆಯೊಂದಕ್ಕೆ 47,000 ವೊನ್ ಕಳಿಸಿದರು. ಇಷ್ಟೇ ಹಣವನ್ನು ಒಂದು ಲಕ್ಷ ಜನ ಕೊಟ್ಟರೆ ಆ ಸಾಲ ತೀರುತ್ತದೆ ಅನ್ನುವುದು ಅವರ ಲೆಕ್ಕ. ಅಲ್ಲಿ ಹಿಂದೆ ಸಂಬಳವನ್ನು ಹಳದಿ ಲಕೋಟೆಯಲ್ಲಿ ಕೊಡುತ್ತಿದ್ದರಂತೆ. ಅದೇ ಹೆಸರಿನಲ್ಲಿ ಹಣ ಕೂಡಿಸುವ ಚಳವಳಿ ಎದ್ದಿತು. ಮುಷ್ಕರ ಮಾಡಿದವರ ಮೇಲೆ ಕಂಪನಿಗಳು ಇಂಥ ಪರಿಹಾರ ಹೇರುವುದಕ್ಕೆ ಮಿತಿ ಹಾಕುವ ‘ಹಳದಿ ಲಕೋಟೆ ಕಾನೂನು’ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಹದಿನಾರು ವರ್ಷ ಹಿಡಿಯಿತು.

ಬ್ಯಾಟರಿ ಬಂದ ಮೇಲೆ

ವಿದ್ಯುತ್ ಕಾರಿಗೆ ಎಂಜಿನ್ ಇಲ್ಲ, ಹಲವು ಗೇರಿನ ಪೆಟ್ಟಿಗೆ ಇಲ್ಲ, ಸೈಲೆನ್ಸರ್ ಇಲ್ಲ. ಅವನ್ನು ಮಾಡುವ ಫ್ಯಾಕ್ಟರಿಗಳಿಗೆ ಮುಂದಿನ ಪರೀಕ್ಷೆ ತುಂಬ ಕಠಿಣ. ಬದಲಿಗೆ ಬ್ಯಾಟರಿ ಫ್ಯಾಕ್ಟರಿಗಳು ಬರುತ್ತವೆ, ನಿಜ. ಲಾರ್ಡ್ಸ್‌ಟೌನ್ ಪಕ್ಕದಲ್ಲೇ ಜನರಲ್ ಮೋಟಾರ್ಸ್ ಮತ್ತು ಎಲ್‌ಜಿ ಸೇರಿ ಕಟ್ಟಿದ ಬ್ಯಾಟರಿ ಫ್ಯಾಕ್ಟರಿ 2022ರಲ್ಲಿ ಶುರುವಾಯಿತು. ಆರಂಭದ ಸಂಬಳ ಗಂಟೆಗೆ 16.50 ಡಾಲರ್. ಹಳೆಯ ಫ್ಯಾಕ್ಟರಿಯ ಅನುಭವಿಗಳು ಪಡೆಯುತ್ತಿದ್ದದ್ದರ ಸುಮಾರು ಅರ್ಧ. ಆ ಡಿಸೆಂಬರ್‌ನಲ್ಲೇ ಅಲ್ಲಿಯ ಕೆಲಸಗಾರರು ಯೂನಿಯನ್ ಬೇಕು ಅಂತ ಮತ ಹಾಕಿದರು. ಪರ 710, ವಿರುದ್ಧ 16. ಆಮೇಲೆ ಸಂಬಳ ಏರಿತು.

ಕೊನೆಯದಾಗಿ ಗಡಿಯ ಎರಡು ಬದಿಯ ಎರಡು ಊರು. ಅಮೆರಿಕದ ಇಲಿನಾಯ್‌ನಲ್ಲಿ ಬೆಲ್ವಿಡಿಯರ್, ಕೆನಡಾದ ಒಂಟಾರಿಯೊದಲ್ಲಿ ಬ್ರಾಂಪ್ಟನ್. ಎರಡೂ ಕಡೆ ಸ್ಟೆಲ್ಲಾಂಟಿಸ್ ಕಂಪನಿಯ ಫ್ಯಾಕ್ಟರಿ. ಬೆಲ್ವಿಡಿಯರ್ 2023ರ ಫೆಬ್ರವರಿಯಲ್ಲಿ ನಿಂತಿತು. ಅದೇ ವರ್ಷದ ಮುಷ್ಕರದಲ್ಲಿ ಯೂನಿಯನ್ ಅದನ್ನು ಮತ್ತೆ ತೆರೆಯುವ ಮಾತು ಪಡೆಯಿತು. ಬ್ರಾಂಪ್ಟನ್ ಆ ವರ್ಷದ ಕೊನೆಯಲ್ಲಿ ನಿಂತಿತು, ಹೊಸ ಜೀಪ್ ಕಂಪಾಸ್‌ಗಾಗಿ ಯಂತ್ರ ಬದಲಿಸಲು. ಪರೀಕ್ಷೆ ಪಾಸಾದ ಫ್ಯಾಕ್ಟರಿ ಅದು, ಮಾಡೆಲ್ ಕೈಗೆ ಬಂದಿತ್ತು. ಸುಮಾರು 3,000 ಜನ ಮನೆಯಲ್ಲಿ ಕೂತು ಕರೆಗಾಗಿ ಕಾದರು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಹೊರಗಿನ ಕಾರುಗಳ ಮೇಲೆ ಶೇ. 25 ಸುಂಕ ಹಾಕಿತು. ಅಕ್ಟೋಬರ್ 14ರಂದು ಸ್ಟೆಲ್ಲಾಂಟಿಸ್ ಅಮೆರಿಕದಲ್ಲಿ 1,300 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಕಂಪಾಸ್ ಬೆಲ್ವಿಡಿಯರ್‌ಗೆ ಹೋಯಿತು, 2027ರಲ್ಲಿ ಅಲ್ಲಿ ಲೈನ್ ಶುರು.

ಬೆಲ್ವಿಡಿಯರ್‌ನವರು ಖುಷಿಪಟ್ಟರು. ಪಡಲೇಬೇಕು, ಅವರೂ ಎರಡೂವರೆ ವರ್ಷ ಕಾದವರು. ಕೆನಡಾ ಸರ್ಕಾರ ಕೊಟ್ಟ ಹಣದ ಷರತ್ತು ನೆನಪಿಸಿ ಕೋರ್ಟಿಗೆ ಹೋಗುವ ಮಾತಾಡಿತು, ಆ ಕಂಪನಿ ಸುಂಕವಿಲ್ಲದೆ ತರಬಹುದಾದ ಕಾರುಗಳ ಮಿತಿಯನ್ನು ಇಳಿಸಿತು. ಬ್ರಾಂಪ್ಟನ್‌ಗೆ ನಮ್ಮಲ್ಲಿ ಬೇರೆ ಯೋಜನೆ ಇದೆ, ಸರ್ಕಾರದ ಜೊತೆ ಮಾತಾಡಿ ತಿಳಿಸುತ್ತೇವೆ ಅಂತ ಕಂಪನಿ ಹೇಳಿತು. ಯಾವ ಮಾಡೆಲ್ ಅಂತ ಹೇಳಲಿಲ್ಲ.